ಸದ್ದಡಗಿಸಿದ ಈಡು, ಕೂಗಿದ ಹಿಟ್ಟಿನ ಹುಂಜ

ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ವರದಾ ನದಿಯು ತುಂಗಭದ್ರೆಯನ್ನು ಕೂಡುತ್ತದೆ. ಸಂಗಮದ ದಡದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವಿದೆ. ಹೊಳೆಯ ಹೊಡೆತವನ್ನು ತಾಳಿಕೊಳ್ಳುವಂತೆ ಇಳಿಜಾರಾಗಿ ಕಟ್ಟಿದ ಅದರ ತಳಪಾಯವನ್ನು ಒಮ್ಮೆ ಕಂಡವರು ಮರೆಯಲಾರರು. ಈ ಊರಿನ ಹೆಸರನ್ನೇ ಕಾವ್ಯನಾಮವಾಗಿ ಧರಿಸಿದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಕನ್ನಡಿಗರಿಗೆ ಐತಿಹಾಸಿಕ ಕಾದಂಬರಿಯ ರುಚಿಯನ್ನು ಹತ್ತಿಸಿದರೆಂಬುದು ಓದುಗರಿಗೆ ವಿದಿತವೇ ಆಗಿದೆ. ನಾನು ಆ ಸೀಮೆಗೆ ಹೋದದ್ದು ಅವರ ನೆಪದಿಂದ. ಹಿಂದಿರುಗಿದ್ದು ಬಂದೂಕಿನ ಕುರಿತಾದ ಒಂದು ಪ್ರಶ್ನೆಯೊಡನೆ.

ಪ್ರಶ್ನೆ ಕೇಳಿದವನು ಬಂಧುಗಳ ಮನೆಯ ಒಬ್ಬ ತರುಣ. ಅವನು ಇದುವರೆಗೆ ಒಂದು ಗುಬ್ಬಿಯನ್ನೂ ಕೊಂದವನಲ್ಲ. ಆದರೆ ಗುರಿ ಹೊಡೆಯುವ ಆಟದಲ್ಲಿ ಆಸಕ್ತಿಯುಳ್ಳವನಾದ್ದರಿಂದ ಬಂದೂಕುಗಳ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದುತ್ತಾನೆ. ಹಾಗೆ ಓದುವಾಗ, ಸಣ್ಣ ಬೇಟೆಗೆ ಬಳಸುವ ರೈಫಲ್ಲಿನ ಸದ್ದನ್ನು ಸೈಲೆನ್ಸರಿನ ಸಹಾಯವಿಲ್ಲದೆಯೂ ತಗ್ಗಿಸಬಹುದೆಂಬ ಬರಹವೊಂದು ಅವನ ಕಣ್ಣಿಗೆ ಬಿದ್ದಿತ್ತು. ಸಂಜೆ ಹೊಳೆಯ ಮೆಟ್ಟಿಲ ಮೇಲೆ ಕುಳಿತಿದ್ದಾಗ ಅವನು ಕೇಳಿದ: "ಕಾಕಾ, ಸಪ್ಪಳ ಕಡಿಮಿ ಆದ್ರ ಹಿಂಸೆನೂ ಅಷ್ಟರಮಟ್ಟಿಗೆ ಕಡಿಮಿ ಆದಂಗ ಅಲ್ಲೇನು? ಉಳಿದ ಪ್ರಾಣಿ ಬೆದರೂದಿಲ್ಲ, ಊರಿಗೂ ತ್ರಾಸಿಲ್ಲ."

ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ಆದ್ದರಿಂದಲೇ ಅದಕ್ಕೆ ತಟಕ್ಕನೆ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಬೇಟೆಯು ಸಪ್ತವ್ಯಸನಗಳಲ್ಲಿ ಒಂದು ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಅದು ಅವನಿಗೂ ಗೊತ್ತು. ಅವನು ಕೇಳಿದ್ದು ಬೇಟೆ ಸರಿಯೇ ತಪ್ಪೇ ಎಂದಲ್ಲ. ತಪ್ಪಾದ ಒಂದು ಕೆಲಸವನ್ನು ಮೆಲ್ಲಗೆ ಮಾಡಿದರೆ ಅದರ ತಪ್ಪು ತಗ್ಗುವುದೇ ಎಂಬುದು ಅವನ ಜಿಜ್ಞಾಸೆ. ಊರಿಗೆ ಮರಳಿದ ಮೇಲೆ ಜನ್ನನ 'ಯಶೋಧರ ಚರಿತೆ'ಯನ್ನು ಇನ್ನೊಮ್ಮೆ ಓದಿದೆ. ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದಾಗ ಆ ಕಾವ್ಯದಲ್ಲಿ ಹಿಂದೆ ನನಗೆ ಕಾಣದಿದ್ದ ಒಂದು ಎಳೆ ಕಂಡಿತು. ಅದನ್ನು ಹೇಳುವುದಕ್ಕೆ ಮೊದಲು, ಆ ತರುಣನು ಓದಿದ ವಿದ್ಯೆಯ ಸ್ವರೂಪವನ್ನು ಸ್ವಲ್ಪ ತಿಳಿದುಕೊಳ್ಳುವುದು ನ್ಯಾಯ. ತಿಳಿಯದೆ ಖಂಡಿಸುವುದು ವಿಮರ್ಶೆಯಾಗಲಾರದು.

ಬಂದೂಕಿನಿಂದ ಕೇಳುವ ಸದ್ದು ಮುಖ್ಯವಾಗಿ ಎರಡು ಬಗೆಯದು. ಮದ್ದು ಉರಿದು ಹುಟ್ಟಿದ ಅನಿಲವು ಗುಂಡನ್ನು ನೂಕಿಕೊಂಡು ಬಂದು ನಳಿಗೆಯ ಬಾಯಲ್ಲಿ ಒಮ್ಮೆಲೇ ಹೊರಕ್ಕೆ ಚಿಮ್ಮುವಾಗ ಆಗುವ ಆಸ್ಫೋಟ ಮೊದಲನೆಯದು. ಗುಂಡು ಶಬ್ದದ ವೇಗವನ್ನು ಮೀರಿ ಹಾರಿದರೆ ದಾರಿಯುದ್ದಕ್ಕೂ ಗಾಳಿಯನ್ನು ಸೀಳುತ್ತ ಚಾವಟಿ ಬೀಸಿದಂತೆ ಕೇಳುವ ಸಪ್ಪಳ ಎರಡನೆಯದು. 20 ಡಿಗ್ರಿ ಉಷ್ಣತೆಯ ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ದೂರ ಚಲಿಸುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಮೊಲ, ಅಳಿಲುಗಳ ಬೇಟೆಗೆ ಬಳಸುವ ಪಾಯಿಂಟ್ 22 ರೈಫಲ್ಲಿನ ಹಲವು ತೋಟಾಗಳು ಈ ವೇಗವನ್ನು ದಾಟುತ್ತವೆ. ಅದಕ್ಕಿಂತ ಕೆಳಗೇ ಉಳಿಯುವ ಮಂದಗತಿಯ ತೋಟಾಗಳೂ ಮಾರಾಟಕ್ಕಿವೆ. ಅವುಗಳಲ್ಲಿ ಎರಡನೆಯ ಸಪ್ಪಳವೇ ಇಲ್ಲ. ನಳಿಗೆ ಉದ್ದವಾಗಿದ್ದು ಮದ್ದು ಕಡಿಮೆಯಿದ್ದರೆ ಅನಿಲದ ಒತ್ತಡವು ಬಾಯಿ ತಲುಪುವಷ್ಟರಲ್ಲಿ ಇಳಿದಿರುತ್ತದೆ. ಆಗ ಮೊದಲನೆಯ ಸದ್ದೂ ತಗ್ಗುತ್ತದೆ. ಮದ್ದಿನ ಗೊಡವೆಯೇ ಇಲ್ಲದ ಏರ್‌ಗನ್ನು ಈ ದಾರಿಯ ಕೊನೆಯ ಮೆಟ್ಟಿಲು. ತತ್ತ್ವ ಇಷ್ಟೇ. ಇದರಲ್ಲಿ ಮಂತ್ರವೂ ಇಲ್ಲ, ಮಾಯೆಯೂ ಇಲ್ಲ.

ಆದರೆ ಪ್ರಕೃತಿಯು ಯಾವುದನ್ನೂ ಪುಕ್ಕಟೆ ಕೊಡುವುದಿಲ್ಲ. ವೇಗ ತಗ್ಗಿದ ಗುಂಡಿನ ಬಲವೂ ತಗ್ಗುತ್ತದೆ. ನಿಧಾನವಾಗಿ ಹೋಗುವುದರಿಂದ ಅದು ದೂರ ಹೋದಂತೆಲ್ಲ ಹೆಚ್ಚು ಕೆಳಕ್ಕೆ ಬಾಗುತ್ತದೆ; ಬೇಟೆಗಾರನು ದೂರವನ್ನು ಅಂದಾಜು ಮಾಡುವುದರಲ್ಲಿ ಕೊಂಚ ತಪ್ಪಿದರೂ ತಲೆಗೆ ಬೀಳಬೇಕಾದ ಏಟು ಹೊಟ್ಟೆಗೋ ಕಾಲಿಗೋ ಬೀಳುತ್ತದೆ. ಹತ್ತಿರ ಹೋಗಿ, ತಾಳ್ಮೆಯಿಂದ ಹೊಡೆಯಬಲ್ಲವನಿಗೆ ಇದು ಅಡ್ಡಿಯಲ್ಲವೆಂದು ಆ ವಿದ್ಯೆಯ ಬಲ್ಲವರು ಹೇಳುತ್ತಾರೆ. ಎಲ್ಲರೂ ಅಂಥವರಲ್ಲವೆಂದು ಅವರೇ ಒಪ್ಪುತ್ತಾರೆ. ಹೀಗೆ ಸದ್ದಿನಲ್ಲಿ ಮಾಡಿದ ಉಳಿತಾಯದ ಬೆಲೆಯನ್ನು ಬೇಟೆಗಾರನು ತನ್ನ ಜೇಬಿನಿಂದ ತೆರುವುದಿಲ್ಲ. ಅದನ್ನು ಮೊಲದ ಮೈಯಿಂದ ತೆರಿಸುತ್ತಾನೆ.

ಸದ್ದಡಗಿಸುವ ಉಪಕರಣದ ಇತಿಹಾಸದಲ್ಲಿ ಒಂದು ವಿಲಕ್ಷಣ ಸಂಗತಿಯಿದೆ. ಮೆಷಿನ್‌ಗನ್ನನ್ನು ನಿರ್ಮಿಸಿದ ಹೈರಮ್ ಮ್ಯಾಕ್ಸಿಮ್ ತನ್ನ ಯಂತ್ರಗಳ ಅಬ್ಬರದ ನಡುವೆಯೇ ಬಾಳಿ ಮುಪ್ಪಿನಲ್ಲಿ ಬಹುಮಟ್ಟಿಗೆ ಕಿವುಡನಾಗಿದ್ದ. ಬಂದೂಕಿಗೆ ಜೋಡಿಸುವ ಸೈಲೆನ್ಸರಿಗೆ 1909ರಲ್ಲಿ ಪೇಟೆಂಟು ಪಡೆದವನು ಅವನ ಮಗ ಹೈರಮ್ ಪರ್ಸಿ ಮ್ಯಾಕ್ಸಿಮ್. ತಂದೆಯ ಕಿವಿಯನ್ನು ಕೆಡಿಸಿದ ಸದ್ದನ್ನು ಮಗನು ಅಡಗಿಸಿದ. ಗುಂಡನ್ನು ಮಾತ್ರ ಇಬ್ಬರೂ ಇದ್ದಂತೆಯೇ ಬಿಟ್ಟರು. ಅಮೆರಿಕದಲ್ಲಿ 1934ರ ಕಾನೂನು ಈ ಉಪಕರಣವನ್ನು ಸರಕಾರದ ದಾಖಲೆಗೆ ಒಳಪಡಿಸಿತು. ಫಿನ್ಲೆಂಡ್, ನಾರ್ವೆಗಳಲ್ಲಾದರೋ ಬೇಟೆಗಾರನ ಕಿವಿಗೂ ನೆರೆಹೊರೆಗೂ ಹಿತವೆಂದು ಅದು ಸಾಮಾನ್ಯ ಸಲಕರಣೆಯೆನಿಸಿದೆ. ಕಿವಿಯ ಆರೋಗ್ಯದ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಗುರಿ ಹೊಡೆಯುವ ಆಟದ ಮೈದಾನದಲ್ಲಿ ಅದು ಸರಿಯಾದ ಮಾತೇ. ಬೇಟೆಯ ಬಯಲಿನಲ್ಲಿ ಅದಕ್ಕೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಮೊದಲನೆಯ ಮೊಲ ಸತ್ತದ್ದು ಎರಡನೆಯ ಮೊಲಕ್ಕೆ ತಿಳಿಯಬಾರದು ಎಂಬುದೇ ಆ ಕಾರಣ. ತರುಣನು ಹೇಳಿದ "ಉಳಿದ ಪ್ರಾಣಿ ಬೆದರೂದಿಲ್ಲ" ಎಂಬ ಮಾತಿನ ಒಳಗಿರುವುದು ಕರುಣೆಯೋ ಲೆಕ್ಕಾಚಾರವೋ ಎಂದು ಅವನು ವಿಚಾರಿಸಿರಲಿಲ್ಲ.

ನಮ್ಮ ನಾಡಿನಲ್ಲಿ ಈ ಮಾತಿಗೆ ಕಾನೂನಿನ ಅವಕಾಶವೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೂಲರೂಪದಲ್ಲಿ ಬೇಟೆಗೆ ಪರವಾನಗಿ ಕೊಡುವ ಏರ್ಪಾಡಿತ್ತು. ಸಣ್ಣ ಬೇಟೆಗೆ ಬೇರೆಯೇ ಪರವಾನಗಿಯಿತ್ತು. 1991ರ ತಿದ್ದುಪಡಿಯು ಅದನ್ನು ಕಿತ್ತುಹಾಕಿತು. ಇಂದು ಮೊಲ, ಕೌಜುಗಗಳನ್ನು ಹೊಡೆಯುವುದೂ ಅಪರಾಧವೇ. ಆದರೂ ಏರ್‌ಗನ್ನಿನ ಕಾಟ ದೇಶದಿಂದ ಪೂರ್ತಿ ಹೋಗಿಲ್ಲ. ಅರುಣಾಚಲ ಪ್ರದೇಶದಲ್ಲಿ 2021ರಿಂದ ಜನರು ತಮ್ಮ ಏರ್‌ಗನ್ನುಗಳನ್ನು ತಾವಾಗಿಯೇ ತಂದೊಪ್ಪಿಸುವ ಆಂದೋಲನವೊಂದು ನಡೆಯಿತು. ಸಾವಿರಗಟ್ಟಲೆ ಬಂದೂಕುಗಳು ಬಂದುವು. ಕಾಡಿನ ಹಕ್ಕಿಗಳ ದನಿ ಉಡುಗಿಹೋದುದನ್ನು ಕಂಡು ಎಚ್ಚೆತ್ತ ಆಂದೋಲನವದು. ಮೆತ್ತನೆಯ ಸಪ್ಪಳದ ಬಂದೂಕು ಕಾಡನ್ನೇ ಮೌನಗೊಳಿಸಿತ್ತು.

ಈಗ ಜನ್ನನತ್ತ ಬರೋಣ. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಈ ಕವಿಚಕ್ರವರ್ತಿಯು 1209ರಲ್ಲಿ ಯಶೋಧರ ಚರಿತೆಯನ್ನು ಮುಗಿಸಿದನು. ಕಥೆ ಅವನದಲ್ಲ, ಸೋಮದೇವಸೂರಿಯ 'ಯಶಸ್ತಿಲಕ'ದಲ್ಲಿ, ಪುಷ್ಪದಂತನ ಅಪಭ್ರಂಶ ಕಾವ್ಯದಲ್ಲಿ, ವಾದಿರಾಜನ ಸಂಸ್ಕೃತ ಕೃತಿಯಲ್ಲಿ ಅದು ಮೊದಲೇ ನೆಲೆಗೊಂಡಿತ್ತು. ಆದರೆ ಕಂದಪದ್ಯದ ಬಿಗಿಯಲ್ಲಿ ಅದನ್ನು ಇಷ್ಟು ತೀವ್ರವಾಗಿ ಹೇಳಿದವನು ಜನ್ನನೇ. ಆಧುನಿಕ ವಿಮರ್ಶೆಯು ಈ ಕಾವ್ಯವನ್ನು ಅಮೃತಮತಿ ಮತ್ತು ಅಷ್ಟಾವಂಕನ ಪ್ರಸಂಗಕ್ಕೆ ಇಳಿಸಿಬಿಟ್ಟಿದೆ ಎಂದು ನನಗೆ ಬಹುಕಾಲದಿಂದ ಅನ್ನಿಸಿದೆ. ಕಾಲೇಜಿನ ಪಠ್ಯಗಳಲ್ಲಿ ಆಯ್ದು ಕೊಡುವುದು ಆ ಭಾಗವನ್ನೇ; ಪ್ರಬಂಧಗಳು ಹುಟ್ಟುವುದೂ ಆ ಭಾಗದ ಮೇಲೆಯೇ. ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ'ದಲ್ಲಿ (1980) ಬಲಿಯ ಪ್ರಶ್ನೆಯನ್ನು ಮತ್ತೆ ಮುಂದಕ್ಕೆ ತಂದರೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೂ ಹುಂಜಗಳ ಜನ್ಮದ ಭಾಗವನ್ನು ಬಹುತೇಕ ವಿಮರ್ಶಕರು ಪುರಾಣದ ಬಾಲವೆಂದು ತಿಳಿದು ಪುಸ್ತಕವನ್ನು ಮುಚ್ಚುತ್ತಾರೆ.

ಕಾವ್ಯವನ್ನು ಕಿವಿಯಿಂದ ಓದಿದರೆ ಬೇರೆಯೇ ಒಂದು ವಿನ್ಯಾಸ ತೋರುತ್ತದೆ. ಇದರಲ್ಲಿ ಕಥೆಯು ತಿರುವು ಪಡೆಯುವುದೆಲ್ಲ ಒಂದೊಂದು ದನಿಯಿಂದ. ನಡುರಾತ್ರಿಯ ನಿಶ್ಶಬ್ದದಲ್ಲಿ ಗಜಶಾಲೆಯ ಕಡೆಯಿಂದ ತೇಲಿಬಂದ ಮಾವುತನ ಹಾಡು ಅಮೃತಮತಿಯ ಕಿವಿಗೆ ಬೀಳುತ್ತದೆ. ಅವಳು ಅವನ ರೂಪವನ್ನು ಕಾಣುವ ಮೊದಲೇ ದನಿಗೆ ಸೋಲುತ್ತಾಳೆ. ಇದು ಮೊದಲನೆಯದು. ಮಡದಿಯ ನಡತೆಯನ್ನು ಕಣ್ಣಾರೆ ಕಂಡ ಯಶೋಧರನು ತಾಯಿಯ ಮುಂದೆ ಕೆಟ್ಟ ಕನಸಿನ ನೆಪ ಹೇಳುತ್ತಾನೆ. ಚಂದ್ರಮತಿಯು ದೇವಿಗೆ ಪ್ರಾಣಿಬಲಿ ಕೊಡಬೇಕೆನ್ನುತ್ತಾಳೆ. ಮಗ ಒಪ್ಪುವುದಿಲ್ಲ. ಕೊನೆಗೆ ಇಬ್ಬರೂ ಒಂದು ಮಧ್ಯಮಾರ್ಗಕ್ಕೆ ಬರುತ್ತಾರೆ: ಹಿಟ್ಟಿನ ಹುಂಜವನ್ನು ಮಾಡಿ ಬಲಿಗೊಡುವುದು.

ಈ ಮಧ್ಯಮಾರ್ಗದ ಸ್ವರೂಪವನ್ನು ನಿದಾನಿಸಿ ನೋಡಬೇಕು. ರಕ್ತವಿಲ್ಲ, ನೋವಿಲ್ಲ, ಕೂಗಿಲ್ಲ. ಬಲಿಯ ವಿಧಿಗೆ ಕುಂದಿಲ್ಲ, ತಾಯಿಯ ಮನಸ್ಸಿಗೆ ನೋವಿಲ್ಲ, ವ್ರತಕ್ಕೆ ಮೇಲ್ನೋಟಕ್ಕೆ ಭಂಗವಿಲ್ಲ. ಹಿಂಸೆಯಿಂದ ಹಿಂಸೆಯ ಸದ್ದನ್ನು ಮಾತ್ರ ಬೇರ್ಪಡಿಸಿ ತೆಗೆದುಬಿಡುವ ಒಂದು ಉಪಾಯವಿದು. ಕತ್ತಿ ಇದೆ, ಎತ್ತಿದ ಕೈ ಇದೆ, ಕೊಲ್ಲುತ್ತೇನೆಂಬ ಸಂಕಲ್ಪವಿದೆ. ಇಲ್ಲದಿರುವುದು ಕಿವಿಗೆ ಬೀಳುವ ಆರ್ತನಾದ ಒಂದೇ. ಗಳಗನಾಥದ ತರುಣನ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ದೃಷ್ಟಾಂತವನ್ನು ನಮ್ಮ ಸಾಹಿತ್ಯದಲ್ಲಿ ನಾನು ಕಾಣೆ.

ಜನ್ನನು ಅಲ್ಲಿಯೇ ಅರಸನನ್ನು ಹಿಡಿಯುತ್ತಾನೆ. ಹಿಟ್ಟಿನ ಹುಂಜವು ಎಷ್ಟು ಚೆನ್ನಾಗಿತ್ತೆಂದರೆ ಅದರ ಚೆಲುವಿಗೆ ಮರುಳಾದ ಬೆಂತರವೊಂದು ಅದರೊಳಗೆ ಸೇರಿಕೊಂಡಿತ್ತು. ಕತ್ತಿ ತಾಗಿದಾಕ್ಷಣ ಹುಂಜ ಕೂಗಿತು. ಬೆಂತರದ ಕಲ್ಪನೆಯನ್ನು ಇಂದಿನ ಓದುಗ ನಂಬಬೇಕಾಗಿಲ್ಲ. ಅದರ ಕಾವ್ಯವ್ಯಾಪಾರವನ್ನು ಮಾತ್ರ ಗಮನಿಸಬೇಕು. ಯಾವ ದನಿಯನ್ನು ಕೇಳಬಾರದೆಂದು ಅರಸನು ಇಷ್ಟೆಲ್ಲ ವ್ಯವಸ್ಥೆ ಮಾಡಿಕೊಂಡಿದ್ದನೋ ಆ ದನಿಯನ್ನೇ ಕವಿ ಅವನಿಗೆ ಕೇಳಿಸಿದನು. ಇದು ಎರಡನೆಯ ತಿರುವು.

ಒಂದು ಹಿಟ್ಟಿನ ಮುದ್ದೆಯನ್ನು ಕಡಿದುದಕ್ಕೆ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ನವಿಲಾಗಿ ನಾಯಾಗಿ ಮೀನಾಗಿ ಮೇಕೆಯಾಗಿ ಇರಿಸಿಕೊಂಡು ಬೇಯಿಸಿಕೊಂಡು ಸಾಯಬೇಕೆ, ಇದು ಶಿಕ್ಷೆಯ ಅತಿರೇಕವಲ್ಲವೇ ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ನ್ಯಾಯದ ತಕ್ಕಡಿಯಲ್ಲಿಟ್ಟು ತೂಗಿದರೆ ಅದು ಅತಿರೇಕವೇ. ಆದರೆ ಜನ್ನನು ಇಲ್ಲಿ ತೂಗುತ್ತಿರುವುದು ಹಿಟ್ಟನ್ನಲ್ಲ. ತತ್ತ್ವಾರ್ಥಸೂತ್ರವು ಪ್ರಮತ್ತ ಯೋಗದಿಂದ ಆಗುವ ಪ್ರಾಣಹರಣವೇ ಹಿಂಸೆ ಎಂದು ಲಕ್ಷಣ ಹೇಳಿತು. ಅಮೃತಚಂದ್ರಸೂರಿಯು ಇನ್ನೂ ಒಳಕ್ಕೆ ಹೋಗಿ, ರಾಗಾದಿಗಳ ಹುಟ್ಟನ್ನೇ ಹಿಂಸೆಯೆಂದನು. ಹೊರಗೆ ಜೀವ ಹೋಯಿತೋ ಇಲ್ಲವೋ ಎಂಬುದು ಎರಡನೆಯ ಮಾತು. ಯಶೋಧರನು ಮಾಡಿದ್ದು ಅಕಸ್ಮಾತ್ತಾದ ಹಿಂಸೆಯಲ್ಲ, ಸಂಕಲ್ಪ ಹಿಂಸೆ. ಅದಕ್ಕಿಂತ ಮುಖ್ಯವಾಗಿ, ಅದನ್ನು ಮಾಡುತ್ತಲೇ ಮಾಡಿಲ್ಲವೆಂದು ತನಗೆ ತಾನೇ ಹೇಳಿಕೊಳ್ಳುವ ಅನುಕೂಲವನ್ನೂ ಅವನು ಸೃಷ್ಟಿಸಿಕೊಂಡನು. ಬಹಿರಂಗವಾಗಿ ಕೊಂದವನಿಗೆ ಪಶ್ಚಾತ್ತಾಪದ ಬಾಗಿಲು ತೆರೆದಿರುತ್ತದೆ, ಏಕೆಂದರೆ ಅವನ ಕಿವಿಯಲ್ಲಿ ಕೂಗು ಉಳಿದಿರುತ್ತದೆ. ಕೂಗೇ ಇಲ್ಲದಂತೆ ಕೊಂದವನು ಯಾವುದನ್ನು ನೆನೆದು ಪಶ್ಚಾತ್ತಾಪ ಪಡಬೇಕು? ಹಿಟ್ಟಿನ ಹುಂಜ ಕೂಗಿದ್ದರಲ್ಲಿ ನನಗೆ ಶಿಕ್ಷೆಯ ಜತೆಗೆ ಅನುಗ್ರಹವೂ ಕಾಣುತ್ತದೆ.

ಮೂರನೆಯ ತಿರುವು ಬೇಟೆಯದು. ಕೊನೆಯ ಪ್ರಾಣಿಜನ್ಮದಲ್ಲಿ ತಾಯಿಮಕ್ಕಳು ಎರಡು ಕೋಳಿಗಳಾಗಿ ತಳವಾರನ ಕೈಸೇರಿದ್ದಾರೆ. ಉದ್ಯಾನದಲ್ಲಿ ಮುನಿಯ ಧರ್ಮೋಪದೇಶ ಅವುಗಳ ಕಿವಿಗೆ ಬೀಳುತ್ತದೆ. ಹಿಂದಿನ ಭವಗಳ ನೆನಪಾಗಿ ಅವು ಹಿಗ್ಗಿ ಕೂಗುತ್ತವೆ. ಅದೇ ಹೊತ್ತಿಗೆ ಹತ್ತಿರದಲ್ಲಿ ರಾಣಿ ಕುಸುಮಾವಳಿಯೊಡನೆ ವಿಹರಿಸುತ್ತಿದ್ದ ಯಶೋಮತಿಯು ಆ ಕೂಗನ್ನು ಕೇಳಿ, ತನ್ನ ಶಬ್ದವೇಧಿ ವಿದ್ಯೆಯನ್ನು ಮಡದಿಗೆ ತೋರಿಸುವ ಹುರುಪಿನಿಂದ ಬಾಣ ಬಿಡುತ್ತಾನೆ. ಕಣ್ಣಿಗೆ ಕಾಣದಿದ್ದ ಎರಡು ಜೀವಗಳೂ ಬೀಳುತ್ತವೆ. ಕೊಂದವನು ಮಗ, ಸತ್ತವರು ಅವನ ತಂದೆ ಮತ್ತು ಅಜ್ಜಿ.

ಇಲ್ಲಿ ಕೊಲ್ಲುವವನ ಆಯುಧಕ್ಕೆ ಸದ್ದಿಲ್ಲ. ಸದ್ದು ಇರುವುದು ಸಾಯುವ ಜೀವದ ಕೊರಳಲ್ಲಿ ಮಾತ್ರ, ಅದೂ ಸಂತೋಷದ ಸದ್ದು. ಬಿಲ್ಲುಗಾರನು ಅದನ್ನು ಕೇಳುತ್ತಾನೆ. ಕೇಳುವುದರಲ್ಲಿ ಅವನಷ್ಟು ನಿಪುಣರಿಲ್ಲ. ಆದರೆ ಆ ಕಿವಿ ದಿಕ್ಕನ್ನೂ ದೂರವನ್ನೂ ಅಳೆಯುವ ಉಪಕರಣವಾಗಿದೆ. ಕೂಗಿನಲ್ಲಿರುವ ಹಿಗ್ಗು ಅದಕ್ಕೆ ಕೇಳಿಸುವುದಿಲ್ಲ. ಶಬ್ದವನ್ನು ಗುರಿಯಾಗಿ ಮಾಡಿಕೊಂಡವನಿಗೆ ಶಬ್ದದ ಅರ್ಥ ಹೋಯಿತು. ದಶರಥನ ಕಥೆಯಲ್ಲಿಯೂ ಶಬ್ದವೇಧಿಯಿದೆ. ಅಲ್ಲಿ ಕೊಡದಲ್ಲಿ ನೀರು ತುಂಬುವ ಸದ್ದನ್ನು ಅರಸನು ತಪ್ಪಾಗಿ ತಿಳಿದು ಬಾಣ ಬಿಟ್ಟನು. ಅವನಿಗೆ ಭ್ರಾಂತಿಯ ರಕ್ಷಣೆಯಿದೆ. ಯಶೋಮತಿಗೆ ಅದೂ ಇಲ್ಲ. ಅವನು ಕೋಳಿಯ ಕೂಗನ್ನು ಕೋಳಿಯ ಕೂಗೆಂದೇ ತಿಳಿದು ಹೊಡೆದನು. ಜೈನ ಕಥೆಯು ಹೆಚ್ಚು ನಿರ್ದಾಕ್ಷಿಣ್ಯವಾದುದು ಈ ಕಾರಣಕ್ಕೆ.

ಬೇಟೆಯನ್ನು ಕಲೆಯಾಗಿ ಕಾಣುವ ದೃಷ್ಟಿ ನಮ್ಮ ನಾಡಿಗೆ ಹೊಸದಲ್ಲವೆಂಬುದನ್ನು ಮರೆಮಾಚುವುದು ಬೇಡ. ಕಲ್ಯಾಣ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಮೃಗಯೆಯು ರಾಜವಿನೋದಗಳಲ್ಲಿ ಒಂದು. ಆದಿಕವಿ ಪಂಪನು ಸ್ವತಃ ಜಿನಭಕ್ತನಾಗಿದ್ದೂ 'ವಿಕ್ರಮಾರ್ಜುನ ವಿಜಯ'ದಲ್ಲಿ ಕೃಷ್ಣಾರ್ಜುನರ ಬೇಟೆಯನ್ನು ಬಲ್ಲವನ ಬಾಯಿಂದ ಬಂದ ಮಾತಿನಂತೆ ವರ್ಣಿಸಿದ್ದಾನೆ. ತನ್ನ ಜಾತಿಯ ಪ್ರಾಣಿಗಳನ್ನೇ ಸೆಳೆದು ತರಲು ಪಳಗಿಸಿದ ಮೃಗಕ್ಕೆ ಹಳಗನ್ನಡದಲ್ಲಿ 'ದೀವ' ಎಂಬ ಪದವೇ ಇದೆ. ಸದ್ದಿಲ್ಲದ ಬೇಟೆ ಎಷ್ಟು ಹಳೆಯದೆಂಬುದಕ್ಕೆ ಆ ಒಂದು ಪದ ಸಾಕು. ಉರುಲು, ಬಲೆಗಳೂ ಸದ್ದಿಲ್ಲದವೇ. ಆದರೆ ಹೊಟ್ಟೆಪಾಡಿಗಾಗಿ ಬಲೆ ಹಿಡಿದವನನ್ನು ಬ್ರಿಟಿಷರ ಕಾನೂನು ಹುಟ್ಟುಗಳ್ಳರ ಪಟ್ಟಿಗೆ ಸೇರಿಸಿತು; ವಿನೋದಕ್ಕಾಗಿ ಬಂದೂಕು ಹಿಡಿದವನನ್ನು ಅದೇ ಕಾಲ ಸಾಹೇಬನೆಂದು ಕರೆಯಿತು. ಈ ಲೇಖನದಲ್ಲಿ ನಾನು ಆಡುವ ಕಠಿಣ ಮಾತುಗಳು ಮೊದಲನೆಯವನನ್ನು ಉದ್ದೇಶಿಸಿದವಲ್ಲ.

ಹೊಸಗನ್ನಡದ ಶಿಕಾರಿ ಸಾಹಿತ್ಯದ ವಿಷಯದಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯ ಬೇಟೆಯ ಪ್ರಕರಣಗಳನ್ನೂ, ಪೂರ್ಣಚಂದ್ರ ತೇಜಸ್ವಿಯವರು ಕೆನೆತ್ ಆಂಡರ್ಸನ್ನನ ಬರಹಗಳನ್ನು ಕನ್ನಡಕ್ಕೆ ತಂದ ಕಾಡಿನ ಕಥೆಗಳನ್ನೂ ನಾನು ರಾತ್ರಿ ನಿದ್ದೆಗೆಟ್ಟು ಓದಿದ್ದೇನೆ. ಸಮಂತಭದ್ರಾಚಾರ್ಯರು 'ರತ್ನಕರಂಡಕ'ದಲ್ಲಿ ಎಣಿಸಿದ ಅನರ್ಥದಂಡಗಳಲ್ಲಿ ದುಃಶ್ರುತಿಯೂ ಒಂದು: ಮನಸ್ಸನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದು. ಹಾಗಾದರೆ ಈ ಓದು ದುಃಶ್ರುತಿಯೇ? ಭಾಗಶಃ ಇರಬಹುದು. ಆದರೆ ಆ ಪುಸ್ತಕಗಳಲ್ಲಿ ನನ್ನ ನೆನಪಿನಲ್ಲಿ ನಿಂತ ಪುಟಗಳು ಗುಂಡು ಹಾರಿದ ಪುಟಗಳಲ್ಲ. ಕಡವೆಯ ಎಚ್ಚರಿಕೆಯ ಕೂಗು, ಮುಸುವದ ಕೆಮ್ಮಿನಂಥ ದನಿ, ಅದು ನಿಂತುಹೋದ ಕೂಡಲೇ ಕಾಡಿನಲ್ಲಿ ಹರಡುವ ಭಯ, ಇವುಗಳನ್ನು ಮರದ ಮೇಲೆ ಕುಳಿತು ಗಂಟೆಗಟ್ಟಲೆ ಆಲಿಸುವ ಮನುಷ್ಯನ ಪುಟಗಳವು. ಒಳ್ಳೆಯ ಶಿಕಾರಿ ಬರಹವು ಬಹುಮಟ್ಟಿಗೆ ಕೇಳುವ ಬರಹ. ಈಡು ಹಾರಿದೊಡನೆ ಗದ್ಯವೂ ಬಡವಾಗುತ್ತದೆ. ಅಳತೆ, ಅಂಕಿ, ಚರ್ಮದ ಉದ್ದ ಇಷ್ಟೇ ಉಳಿಯುತ್ತವೆ. ಆಂಡರ್ಸನ್ನನು ಬರುಬರುತ್ತ ಬಂದೂಕಿಗಿಂತ ಕ್ಯಾಮೆರಾದ ಕಡೆಗೆ ಒಲಿದದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಇದಕ್ಕೆ ಹೋಲಿಸಿದರೆ ಸದ್ದು ತಗ್ಗಿಸುವ ತಂತ್ರವನ್ನು ಬೋಧಿಸುವ ಬರಹದ ಜಾತಿಯೇ ಬೇರೆ. ಅದರಲ್ಲಿ ಕಾಡಿಲ್ಲ, ಪ್ರಾಣಿಯೂ ಇಲ್ಲ. ಪ್ರಾಣಿಯ ಜಾಗದಲ್ಲಿ 'ಗುರಿ' ಎಂಬ ಪದವಿದೆ. ಕೊಲೆಯ ಸದ್ದನ್ನು ಮೊದಲು ಭಾಷೆಯಿಂದ ಅಡಗಿಸಿ ಆಮೇಲೆ ನಳಿಗೆಯಿಂದ ಅಡಗಿಸುವ ಬರಹವದು. ಸಮಂತಭದ್ರರ ಪಟ್ಟಿಯಲ್ಲಿ ಇದಕ್ಕೆ ಸ್ಥಳವನ್ನು ಹುಡುಕಲು ಕಷ್ಟಪಡಬೇಕಾಗಿಲ್ಲ. ಕೊಲ್ಲುವ ಸಾಧನವನ್ನು ಕೊಡುವುದು ಹಿಂಸಾದಾನವಾದರೆ, ಉಪಾಯವನ್ನು ಹೇಳಿಕೊಡುವುದು ಪಾಪೋಪದೇಶ. ತತ್ತ್ವಾರ್ಥದ ವ್ಯಾಖ್ಯಾನ ಪರಂಪರೆಯು ಪಾಪೋಪದೇಶದೊಳಗೆ ವಧಕೋಪದೇಶವೆಂಬ ಒಂದು ಪ್ರಭೇದವನ್ನೇ ಹೇಳಿದೆ: ಇಂಥ ಕಡೆ ಜಿಂಕೆಗಳಿವೆ, ಇಂಥ ಕಡೆ ಹಕ್ಕಿಗಳಿವೆ ಎಂದು ಬೇಡನಿಗೆ ತಿಳಿಸುವುದು. ಹೇಳಿದವನು ಬಾಣ ಮುಟ್ಟಿಲ್ಲ. ಅವನು ಮಾಡಿದ್ದು ಒಂದು ಮಾಹಿತಿ ಕೊಟ್ಟದ್ದು ಮಾತ್ರ. ಮಾಹಿತಿಗೆ ಪಾಪಪುಣ್ಯಗಳಿಲ್ಲವೆಂಬ ನಮ್ಮ ಕಾಲದ ನಂಬಿಕೆಯನ್ನು ಆ ಆಚಾರ್ಯರು ಹಂಚಿಕೊಂಡಿರಲಿಲ್ಲ. ಈ ಲೇಖನದಲ್ಲಿ ತೋಟಾಗಳ ಮಾತನ್ನಾಡುವಾಗ ನನಗೂ ಅಳುಕಾಯಿತೆಂಬುದನ್ನು ಹೇಳಲೇಬೇಕು. ಆದ್ದರಿಂದಲೇ ತತ್ತ್ವದ ಆಚೆಗೆ ಹೋಗಲಿಲ್ಲ.

ಗಳಗನಾಥದಿಂದ ಮರಳುವಾಗ ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಅಂಚಿನ ಹೊಲಗಳನ್ನು ನೋಡಿಕೊಂಡು ಬಂದೆ. 1974ರಲ್ಲಿ ಘೋಷಿತವಾದ, 119 ಚದರ ಕಿಲೋಮೀಟರ್ ವಿಸ್ತಾರದ ಅಭಯಾರಣ್ಯವಿದು. ಎರೆಭೂತವೆಂಬ ದೊಡ್ಡ ಹಕ್ಕಿಯೂ ಒಂದು ಕಾಲಕ್ಕೆ ಇಲ್ಲಿ ಓಡಾಡಿಕೊಂಡಿತ್ತು. ಈಗ ಅದರ ಹೆಸರಷ್ಟೇ ಉಳಿದಿದೆ. ಚಿಗರಿಗಳು ಉಳಿದಿವೆ, ಹಿಂಡುಹಿಂಡಾಗಿವೆ. ಅವು ಗೋವಿನಜೋಳದ ಎಳೆಪೈರಿಗೆ ಬೀಳುತ್ತವೆ, ಕಾಡುಹಂದಿಗಳು ತೆನೆಗೆ ಬೀಳುತ್ತವೆ. ರೈತನ ನಷ್ಟ ಕಡಿಮೆಯದಲ್ಲ. ಪಟ್ಟಣದಲ್ಲಿ ಕುಳಿತು ಅಹಿಂಸೆಯನ್ನು ಬರೆಯುವವನು ಆ ನಷ್ಟದಲ್ಲಿ ಪಾಲು ಕೊಡುವುದಿಲ್ಲವೆಂಬುದೂ ನಿಜ. ಹೊಲದ ನಡುವಿನ ಅಟ್ಟಣಿಗೆಯಲ್ಲಿ ಕಾವಲಿಗೆ ಕುಳಿತಿದ್ದ ಮುದುಕನೊಬ್ಬನ ಬಳಿ ಒಂದು ಖಾಲಿ ಎಣ್ಣೆಯ ಡಬ್ಬ, ಒಂದು ಕೋಲು, ಕವಣೆ, ಕಟ್ಟು ಪಟಾಕಿ ಇದ್ದುವು. ರಾತ್ರಿಯೆಲ್ಲ ಡಬ್ಬ ಬಡಿಯುವುದೇ ಅವನ ಕೆಲಸ. ನಿದ್ದೆಯಿಲ್ಲದೆ ಕೆಂಪಾದ ಕಣ್ಣುಗಳಿಂದ ನೋಡುತ್ತ ಅವನು ಹೇಳಿದ: "ಸಪ್ಪಳ ಆತಂದ್ರ ಓಡ್ತಾವ್ರಿ. ಓಡಿದ್ರ ಸಾಕು, ನಮಗೂ ಅಷ್ಟ ಬೇಕಾಗಿದ್ದು."

ಅವನಲ್ಲಿದ್ದದ್ದು ಪ್ರಾಣ ತೆಗೆಯದ ಸದ್ದು. ತರುಣನು ಓದಿದ ಬರಹ ಕಲಿಸುವುದು ಸದ್ದಿಲ್ಲದೆ ಪ್ರಾಣ ತೆಗೆಯುವುದನ್ನು. ಡಬ್ಬದ ಸದ್ದಿನಲ್ಲಿ ಪ್ರಾಣಿಗೆ ಒಂದು ಸೂಚನೆಯಿದೆ, ತಪ್ಪಿಸಿಕೊಳ್ಳಲು ಅವಕಾಶವಿದೆ, ಎರಡು ಕಡೆಯವರ ನಡುವೆ ಒರಟಾದರೂ ಒಂದು ಸಂಭಾಷಣೆಯಿದೆ. ಎಲ್ಲ ರೈತರೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ತಿನಿಸಿನಲ್ಲಿ ಸಿಡಿಮದ್ದನ್ನು ಅಡಗಿಸಿ ಹಂದಿಯ ಬಾಯಿ ಸಿಡಿಸುವ ಕ್ರೌರ್ಯವೂ ನಮ್ಮ ಹಳ್ಳಿಗಳಲ್ಲಿ ಉಂಟು. ಅಲ್ಲಿ ಸದ್ದೂ ಇದೆ, ಹಿಂಸೆಯೂ ಇದೆ. ಸದ್ದಿನಿಂದಲೇ ಯಾವ ಕೆಲಸವೂ ಪವಿತ್ರವಾಗುವುದಿಲ್ಲ.

ಆದರೂ ಸದ್ದಿಗೆ ಸಾಕ್ಷಿಯ ಗುಣವಿದೆ. 1998ರ ಅಕ್ಟೋಬರಿನ ಒಂದು ರಾತ್ರಿ ಜೋಧಪುರದ ಸಮೀಪದ ಕಂಕಾಣಿ ಗ್ರಾಮದಲ್ಲಿ ಬಿಷ್ಣೋಯಿ ಜನರು ಎಚ್ಚೆತ್ತು ಹೊರಗೆ ಓಡಿಬಂದದ್ದು ಗುಂಡಿನ ಸದ್ದನ್ನು ಕೇಳಿ. ಎರಡು ಕೃಷ್ಣಮೃಗಗಳು ಸತ್ತು ಬಿದ್ದಿದ್ದುವು. ಆ ಗ್ರಾಮಸ್ಥರ ಸಾಕ್ಷ್ಯದ ಆಧಾರದಿಂದ 2018ರಲ್ಲಿ ಕೆಳ ನ್ಯಾಯಾಲಯವು ಒಬ್ಬ ಪ್ರಸಿದ್ಧ ಚಿತ್ರನಟನಿಗೆ ಐದು ವರ್ಷಗಳ ಶಿಕ್ಷೆ ವಿಧಿಸಿತು; ಅದರ ಮೇಲೆ ಮೇಲ್ಮನವಿಯೂ ಆಯಿತು. ವ್ಯಾಜ್ಯದ ಗುಣಾವಗುಣ ನಮ್ಮ ವಿಷಯವಲ್ಲ. ಆ ರಾತ್ರಿ ಬಂದೂಕು ಸದ್ದು ಮಾಡದಿದ್ದರೆ ಹಳ್ಳಿ ಮಲಗಿಯೇ ಇರುತ್ತಿತ್ತು ಎಂಬುದಷ್ಟೇ ಇಲ್ಲಿ ಪ್ರಸ್ತುತ. "ಊರಿಗೂ ತ್ರಾಸಿಲ್ಲ" ಎಂದು ತರುಣನು ಹೇಳಿದ್ದನಲ್ಲ, ಆ ತ್ರಾಸವೇ ಅಲ್ಲಿ ಚಿಗರಿಯ ಪರವಾಗಿ ಎದ್ದು ನಿಂತಿತು.

ಈ ತರ್ಕವನ್ನು ಬೇಟೆಗಾರನ ಮೇಲೆ ಮಾತ್ರ ಹೊರಿಸಿ ನಾವು ಹಗುರಾಗುವಂತಿಲ್ಲ. ನಮ್ಮಲ್ಲಿ ಬಹುಮಂದಿ ಮೊಲವನ್ನು ಹೊಡೆಯುವುದಿಲ್ಲ, ನೀರನ್ನು ಸೋಸಿ ಕುಡಿಯುತ್ತೇವೆ, ಸೂರ್ಯಾಸ್ತಕ್ಕೆ ಮೊದಲು ಉಣ್ಣುತ್ತೇವೆ. ಆದರೆ ಪೇಟೆಯಲ್ಲಿ ಕೊಂಡ ಬೆಲ್ಟು ಚಪ್ಪಲಿಗಳ ಹಿಂದಿನ ಕೂಗು ನಮಗೆ ಕೇಳುವುದಿಲ್ಲ. ರೇಷ್ಮೆ ಸೀರೆಗಾಗಿ ಕುದಿಯುವ ನೀರಿಗೆ ಬಿದ್ದ ಗೂಡುಗಳಿಗೆ ಕೂಗುವ ಕೊರಳೇ ಇಲ್ಲ. ಮದುವೆಯ ಮನೆಯಲ್ಲಿ ಈ ಮಾತನ್ನೆತ್ತಿದರೆ ಎಲ್ಲರೂ ಮುಗುಳ್ನಗುತ್ತಾರೆ. ದೂರವೂ ಒಂದು ಸೈಲೆನ್ಸರು, ಬೆಲೆಚೀಟಿಯೂ ಒಂದು. ಯಶೋಧರನು ಹಿಟ್ಟಿನ ಹುಂಜವನ್ನು ಮಾಡಿಸಿದಾಗ ಅವನ ಆಸ್ಥಾನದಲ್ಲಿಯೂ ಇಂಥದೇ ನೆಮ್ಮದಿ ನೆಲೆಸಿದ್ದಿರಬೇಕು.

ಆ ತರುಣನಿಗೆ ನಾನು ಪತ್ರ ಬರೆದೆ. ಗುರಿಯಾಟವನ್ನು ಬಿಡೆಂದು ಬರೆಯಲಿಲ್ಲ. ಕಾಗದದ ಗುರಿಗೆ ಹೊಡೆಯುವವನು ಕಿವಿಗೆ ತಕ್ಕ ರಕ್ಷಣೆ ಮಾಡಿಕೊಂಡರೆ ಸಾಕು ಎಂದೆ. ಯಶೋಧರ ಚರಿತೆಯನ್ನು ಕೊನೆಯವರೆಗೂ ಓದೆಂದು ಕೇಳಿಕೊಂಡೆ. ಅದರಲ್ಲಿ ಇನ್ನೊಂದು ಬೇಟೆಯಿದೆ. ಯಶೋಮತಿಯು ಐನೂರು ನಾಯಿಗಳೊಡನೆ ಕಾಡಿಗೆ ಹೋಗಿ, ದಿನವಿಡೀ ಅಲೆದರೂ ಒಂದು ಪ್ರಾಣಿಯೂ ಸಿಕ್ಕದೆ, ದಾರಿಯಲ್ಲಿ ಕಂಡ ಸುದತ್ತಾಚಾರ್ಯರೇ ಈ ಅಪಶಕುನಕ್ಕೆ ಕಾರಣವೆಂದು ಕೋಪಿಸಿಕೊಂಡು ನಾಯಿಗಳನ್ನು ಅವರ ಮೇಲೆ ಛೂ ಬಿಡುತ್ತಾನೆ. ಮುನಿಯು ಕೈಯೆತ್ತುವುದಿಲ್ಲ, ಮಾತಾಡುವುದಿಲ್ಲ. ಬೊಗಳುತ್ತ ನುಗ್ಗಿದ ನಾಯಿಗಳು ಅವರ ಹತ್ತಿರಕ್ಕೆ ಬಂದವು ಎರಗಲಾರದೆ ಸುಮ್ಮನಾಗುತ್ತವೆ. ಅರಸನು ಕತ್ತಿಗೆ ಕೈಹಾಕಿದಾಗ ನಡುವೆ ಬಂದು ತಡೆದವನು ಕಲ್ಯಾಣಮಿತ್ರನೆಂಬ ಒಬ್ಬ ವರ್ತಕ. ನಾಯಿಗಳಿಗೆ ತಿಳಿದದ್ದನ್ನು ಅರಸನಿಗೆ ತಿಳಿಸಲು ಅವನು ಬಹಳ ಹೊತ್ತು ಮಾತಾಡಬೇಕಾಯಿತು.